ಉದ್ಯಮಬಾಗ್ ಎರಕ ಘಟಕಗಳ ಗಮನಕ್ಕೆ: ಬಾಕಿ ಬಿಲ್ ಪಟ್ಟಿ

ಎಲ್ಲರಿಗೂ ನಮಸ್ಕಾರ.

ಪಂಪು, ವಾಲ್ವ್ ಕಂಪನಿಗಳಿಂದ ಹಣ ಬರಬೇಕಿರುವ ಬೆಳಗಾವಿ ಸದಸ್ಯರು ಬಾಕಿ ಬಿಲ್‌ಗಳ ಪಟ್ಟಿಯನ್ನು ಶನಿವಾರ ಸಂಜೆಯೊಳಗೆ ಇಲ್ಲಿ ಹಾಕಿ. ನಮ್ಮ ಒಂದು ಬಿಲ್ ನಿಂತರೆ ಪ್ಯಾಟರ್ನ್ (ಎರಕದ ಅಚ್ಚಿನ ಮಾದರಿ) ಮಾಡುವವರು, ಮರಳು ಕೊಡುವವರು, ಲೇತ್ ಶಾಪ್, ಟೆಂಪೋದವರು ಎಲ್ಲರ ಕೈಯೂ ಕಟ್ಟಿಹೋಗುತ್ತದೆ.

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಂತೆ ಸೂಕ್ಷ್ಮ, ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಆರ್ಡರಿನಲ್ಲಿ ‘90 ದಿನ’ ಅಂತ ಬರೆದಿದ್ದರೂ 45ರ ಮಿತಿ ಬದಲಾಗದು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ.

ಬಾಕಿ ವಸೂಲಿಯ ಕೇಸು ಸೋಲುವುದು ದಾಖಲೆ ಸರಿಯಿಲ್ಲದೆ. ಮಾಲಿನ ಜೊತೆ ಕಳಿಸುವ ಚಲನ್ ಮೇಲೆ ಸ್ವೀಕರಿಸಿದವರ ಸಹಿ, ಸೀಲು, ದಿನಾಂಕ ಮೂರೂ ಇರಲಿ. ಬಿಲ್‌ನಲ್ಲಿ ಉದ್ಯಮ್ (ಎಂಎಸ್‌ಎಂಇ ಘಟಕಗಳ ಸರ್ಕಾರಿ ನೋಂದಣಿ) ಸಂಖ್ಯೆ ಅಚ್ಚಾಗಿರಲಿ.

ಬಿಲ್ ಸಂಖ್ಯೆ, ಮಾಲು ತಲುಪಿದ ದಿನ, ಮೊತ್ತ ಇಷ್ಟು ಬರೆದರೆ ಸಾಕು. ಬಾಕಿ ಇಲ್ಲದವರೂ ದಯವಿಟ್ಟು ‘ಇಲ್ಲ’ ಅಂತ ಉತ್ತರಿಸಿ.