ಆ ಕಾಫಿ ಪೈಲಟ್‌ಗೆ ಮಾಡಿದ್ದಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಬಂದು ನಾಲ್ಕು ದಿನ ಆಯಿತು. ಉತ್ತರ ಬರೆಯಲು ತಡವಾಯಿತು ಎಂದು ಬೇಜಾರು ಮಾಡಿಕೊಳ್ಳಬೇಡ. "ಆಫೀಸಲ್ಲಿ ಮಧ್ಯಾಹ್ನ ಮೂರೂವರೆ ಕಾಫಿಗೆ ಫ್ಲಾಸ್ಕ್‌ನಿಂದ ಎರಡು ಮುಚ್ಚಳ ವಿಸ್ಕಿ ಹಾಕ್ಕೋತೀನಿ ಕಣೋ, ಅಷ್ಟೇ. ಯಾರಿಗೂ ಗೊತ್ತಾಗಲ್ಲ. ಕೆಲಸಾನೂ ಚೆನ್ನಾಗಿ ಆಗುತ್ತೆ" ಎಂದು ನೀನು ಬರೆದಿದ್ದೆ. ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನೀನು ಕುಡಿಯುತ್ತೀಯ ಅನ್ನೋದು ನನಗೆ ಹೊಸದೇನಲ್ಲ. ನಾವಿಬ್ಬರೂ ಒಟ್ಟಿಗೆ ಕೂತು ಎಷ್ಟು ಸಲ ಕುಡಿದಿಲ್ಲ! ಆದರೆ 'ಯಾರಿಗೂ ಗೊತ್ತಾಗಲ್ಲ' ಎಂಬ ಆ ಎರಡು ಪದ ತಲೆಯಲ್ಲೇ ಕೂತುಬಿಟ್ಟವು.

ಜೊತೆಗೆ ನೀನು ಒಂದು ವಾದವನ್ನೂ ಇಟ್ಟಿದ್ದೆ. ಐರಿಷ್ ಕಾಫಿ ಅಂತ ಲೋಕವೆಲ್ಲ ಕುಡಿಯುತ್ತೆ, ನಾನು ಕುಡಿದರೆ ಏನು ತಪ್ಪು ಅಂತ. ಅಲ್ಲಿಂದಲೇ ಶುರು ಮಾಡುತ್ತೇನೆ.

ಐರಿಷ್ ಕಾಫಿ ಹುಟ್ಟಿದ್ದು ಐರ್ಲೆಂಡಿನ ಫಾಯ್ನ್ಸ್ ಎಂಬ ಸಣ್ಣ ಊರಿನಲ್ಲಿ, 1940ರ ದಶಕದ ಮೊದಲ ವರ್ಷಗಳಲ್ಲಿ. ಆಗ ಅಲ್ಲಿಂದ ಅಟ್ಲಾಂಟಿಕ್ ದಾಟಿ ಅಮೆರಿಕದ ಕಡೆಗೆ ನೀರಿನ ಮೇಲೆ ಇಳಿಯುವ ವಿಮಾನಗಳು ಹೋಗುತ್ತಿದ್ದವು. ಒಂದು ಚಳಿಗಾಲದ ರಾತ್ರಿ ಹೊರಟ ವಿಮಾನ ಕೆಟ್ಟ ಹವಾಮಾನದಿಂದಾಗಿ ಅರ್ಧ ದಾರಿಯಿಂದ ವಾಪಸ್ ಬಂತಂತೆ. ಪ್ರಯಾಣಿಕರು ಚಳಿಗೆ ನಡುಗುತ್ತಿದ್ದರು. ಅಲ್ಲಿನ ಅಡುಗೆಯ ಜೋ ಶೆರಿಡನ್ ಬಿಸಿ ಕಾಫಿಗೆ ವಿಸ್ಕಿ, ಸಕ್ಕರೆ ಸೇರಿಸಿ, ಮೇಲೆ ಕ್ರೀಮ್ ತೇಲಿಬಿಟ್ಟು ಕೊಟ್ಟ. "ಇದು ಬ್ರೆಜಿಲ್ ಕಾಫಿಯಾ?" ಎಂದು ಯಾರೋ ಕೇಳಿದರಂತೆ. "ಅಲ್ಲ, ಐರಿಷ್ ಕಾಫಿ" ಅಂದನಂತೆ ಶೆರಿಡನ್. ಮುಂದೆ 1952ರ ನವೆಂಬರ್ 10ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯೂನಾ ವಿಸ್ಟಾ ಕೆಫೆಯಲ್ಲಿ ಮಾಲೀಕರೂ ಒಬ್ಬ ಪತ್ರಕರ್ತರೂ ಸೇರಿ ಅದನ್ನೇ ಮಾಡಲು ಹೊರಟರು. ಅವರ ಕ್ರೀಮ್ ತೇಲದೆ ಮತ್ತೆ ಮತ್ತೆ ಮುಳುಗಿ ಕಾಟ ಕೊಟ್ಟಿತು. ಕೊನೆಗೆ ಸರಿಹೋಯಿತು. ಆ ಕೆಫೆಯಲ್ಲಿ ಇವತ್ತಿಗೂ ಅದೇ ಹೆಸರುವಾಸಿ.

ಈ ಕಥೆ ನನಗೆ ತುಂಬಾ ಇಷ್ಟ. ಯಾಕೆ ಗೊತ್ತಾ? ಆ ರಾತ್ರಿ ಆ ಲೋಟ ಹಿಡಿದವರಿಗೆ ಬೇರೆ ಕೆಲಸ ಇರಲಿಲ್ಲ. ವಿಮಾನ ನಿಂತಿತ್ತು. ಬೆಳಗಾಗುವವರೆಗೆ ಅವರು ಕಾಯಬೇಕಿತ್ತು, ಅಷ್ಟೇ. ಅದು ಪ್ರಯಾಣಿಕರಿಗಾಗಿ ಮಾಡಿದ ಕಾಫಿ, ಪೈಲಟ್‌ಗೆ ಮಾಡಿದ್ದಲ್ಲ. ಇವತ್ತು ಅಮೆರಿಕದಲ್ಲಿ ವಿಮಾನ ಹಾರಿಸುವವರು ಕೊನೆಯ ಗುಟುಕಿಗೂ ಕೆಲಸಕ್ಕೂ ನಡುವೆ ಕನಿಷ್ಠ 8 ಗಂಟೆ ಬಿಡಲೇಬೇಕು ಎಂಬ ನಿಯಮ ಇದೆ. ಎಂಟು ಗಂಟೆ ಕಳೆದರೂ ಅಮಲು ಉಳಿದಿದ್ದರೆ ಹಾರಿಸುವಂತಿಲ್ಲ.

ನೀನು ಮಧ್ಯಾಹ್ನ ಮೂರೂವರೆಗೆ ಯಾರು ಹೇಳು? ಪ್ರಯಾಣಿಕನಾ, ಪೈಲಟ್ಟಾ?

ಕಾಫಿಗೆ ಮದ್ಯ ಬೆರೆಸುವುದು ಒಂದೇ ದೇಶದ ಅಭ್ಯಾಸ ಅಲ್ಲ. ಇಟಲಿಯಲ್ಲಿ ಎಸ್ಪ್ರೆಸೊ ಎಂಬ ಗಟ್ಟಿ ಕಾಫಿಗೆ ಒಂದಿಷ್ಟು ಗ್ರಾಪಾ ಎಂಬ ದ್ರಾಕ್ಷಿ ಸಾರಾಯಿ ಹನಿಸಿ 'ಕಾಫೆ ಕೊರೆತ್ತೊ' ಅನ್ನುತ್ತಾರೆ. ಅಂದರೆ ತಿದ್ದಿದ ಕಾಫಿ. ಸ್ಪೇನಿನವರಿಗೆ 'ಕರಹಿಯೊ' ಇದೆ, ಬ್ರಾಂದಿ ಅಥವಾ ರಮ್ ಹಾಕಿದ್ದು. ನಾರ್ವೆಯಲ್ಲಿ 'ಕಾರ್ಸ್ಕ್' ಇದೆ. ಅದರ ಹಳೆಯ ಲೆಕ್ಕ ಹೀಗೆ: ಕಪ್ಪಿನ ತಳಕ್ಕೆ ಒಂದು ನಾಣ್ಯ ಹಾಕು, ಅದು ಕಾಣದಷ್ಟು ಕಾಫಿ ಸುರಿ, ಮತ್ತೆ ಕಾಣುವಷ್ಟು ಸಾರಾಯಿ ಸುರಿ. ಲಂಡನ್ನಿನಲ್ಲಿ 1980ರ ದಶಕದಲ್ಲಿ ಡಿಕ್ ಬ್ರಾಡ್‌ಸೆಲ್ ಎಂಬ ಬಾರ್‌ಟೆಂಡರ್ ವೋಡ್ಕಾ, ಎಸ್ಪ್ರೆಸೊ, ಕಾಫಿ ಲಿಕರ್ ಸೇರಿಸಿ ಮಾಡಿದ್ದೇ ಈಗ ಎಸ್ಪ್ರೆಸೊ ಮಾರ್ಟಿನಿ ಆಗಿದೆ.

ಆದರೆ ನಿನ್ನ ಮೆಸೇಜ್ ಓದಿದಾಗ ನನಗೆ ನೆನಪಾಗಿದ್ದು ಇವು ಯಾವುವೂ ಅಲ್ಲ. ಜರ್ಮನಿಯ ಉತ್ತರ ಕರಾವಳಿಯ ನಾರ್ಡ್‌ಸ್ಟ್ರಾಂಡ್‌ನ ಒಂದು ಹಳೆಯ ಕಥೆ. ಹತ್ತೊಂಬತ್ತನೇ ಶತಮಾನದ್ದು. ಅಲ್ಲಿನ ಪಾದ್ರಿಗೆ ಕುಡಿತ ಕಂಡರೆ ಆಗುತ್ತಿರಲಿಲ್ಲ. ಒಂದು ಮಗುವಿನ ನಾಮಕರಣದ ಊಟಕ್ಕೆ ಅವರು ಬಂದಿದ್ದರು. ಮನೆಯವರು ಕಾಫಿಗೆ ರಮ್ ಹಾಕಿ, ವಾಸನೆ ಹೊರಗೆ ಬರದಂತೆ ಮೇಲೆ ದಪ್ಪಗೆ ಕ್ರೀಮ್ ಮುಚ್ಚಿ ಎಲ್ಲರಿಗೂ ಹಂಚಿದರು. ಪಾದ್ರಿಗೆ ಮಾತ್ರ ರಮ್ ಇಲ್ಲದ ಕಪ್. ಹೇಗೋ ಕಪ್‌ಗಳು ಅದಲುಬದಲಾದವು. ಪಾದ್ರಿ ಒಂದು ಗುಟುಕು ಕುಡಿದವರೇ "ಎಲಾ ಫರಿಸಾಯರಾ!" ಎಂದು ಕೂಗಿದರಂತೆ. ಬೈಬಲ್ಲಿನಲ್ಲಿ ಹೊರಗೊಂದು ಒಳಗೊಂದು ಇರುವವರು ಎಂದು ಬೈಸಿಕೊಳ್ಳುವವರು ಈ ಫರಿಸಾಯರು. ಆ ಕಾಫಿಗೆ ಅದೇ ಹೆಸರು ನಿಂತಿತು. ಈಗಲೂ ಅಲ್ಲಿ ಅದನ್ನು 'ಫಾರಿಸೇಯರ್' ಅಂತಲೇ ಕೇಳಿ ಕುಡಿಯುತ್ತಾರೆ.

ಕಾಫಿ ಕಪ್ ಎಂಥ ಮರೆ ನೋಡು. ಬಿಯರ್ ಬಾಟಲಿ ಮೇಜಿನ ಮೇಲೆ ಇಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ. ಕಾಫಿ ಕಪ್ ಇಟ್ಟರೆ 'ಪಾಪ, ಎಷ್ಟು ಕೆಲಸ ಮಾಡ್ತಿದ್ದಾನೆ' ಅನ್ನುತ್ತಾರೆ. ನಿನ್ನ ಕಪ್ ನಿನ್ನ ಸಹೋದ್ಯೋಗಿಗಳಿಗೆ ಸುಳ್ಳು ಹೇಳುತ್ತಿದೆ. ನಿನಗೂ ಹೇಳುತ್ತಿದೆ ಅನ್ನೋದು ನನ್ನ ಭಯ.

ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ದಿನ ಕಳೆದಂತೆ ನಮ್ಮ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದೇ ನಮಗೆ ತೂಕಡಿಕೆ ತರುವುದು. ಕೆಫೀನ್ ಆ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಹಾಗಾಗಿ ದಣಿವು ಗೊತ್ತಾಗುವುದಿಲ್ಲ. ಮದ್ಯ ಕುಡಿದಾಗ ಬರುವ ಮಂಪರನ್ನೂ ಅದು ಹೀಗೇ ಮರೆಮಾಡುತ್ತದೆ. ಆದರೆ ರಕ್ತದಲ್ಲಿರುವ ಮದ್ಯ ಒಂದು ಹನಿಯೂ ಕಡಿಮೆ ಆಗುವುದಿಲ್ಲ. ಅದನ್ನು ಕರಗಿಸುವುದು ಯಕೃತ್ತು. ಅದಕ್ಕೆ ಅದರದೇ ವೇಗ ಇದೆ. ಒಂದು ಸಣ್ಣ ಪೆಗ್ ಕರಗಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಎಷ್ಟು ಕಾಫಿ ಸುರಿದರೂ ಆ ವೇಗ ಹೆಚ್ಚುವುದಿಲ್ಲ. ಅಂದರೆ ಕೈ, ಕಣ್ಣು, ವಿವೇಚನೆ ಎಲ್ಲವೂ ಅಮಲಿನಲ್ಲೇ ಇರುತ್ತವೆ. 'ನನಗೆ ಅಮಲಿದೆ' ಎಂದು ಎಚ್ಚರಿಸಬೇಕಾದ ತೂಕಡಿಕೆ ಮಾತ್ರ ಇರುವುದಿಲ್ಲ.

ಅಮೆರಿಕದಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಫೋರ್ ಲೋಕೋ ಅಂತ ಕ್ಯಾನ್‌ನಲ್ಲಿ ಬರುವ ಪಾನೀಯ. ಒಂದು ಕ್ಯಾನ್ ಸುಮಾರು 700 ಮಿಲಿಲೀಟರ್, ಅದರಲ್ಲಿ ಶೇಕಡಾ 12ರವರೆಗೆ ಮದ್ಯ, ಜೊತೆಗೆ ಕೆಫೀನ್. ವಿದ್ಯಾರ್ಥಿಗಳು ಕುಡಿದು ಆಸ್ಪತ್ರೆ ಸೇರತೊಡಗಿದರು. 2010ರ ನವೆಂಬರ್ 17ರಂದು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಇಂಥ ಪಾನೀಯ ಮಾಡುವ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಅದೇ ಹೊತ್ತಿಗೆ ಫೋರ್ ಲೋಕೋ ಕ್ಯಾನ್‌ನಿಂದ ಕೆಫೀನ್ ತೆಗೆದರು. ಮದ್ಯ ಉಳಿಸಿಕೊಂಡರು! ಅಂದರೆ ತಕರಾರು ಇದ್ದದ್ದು ಎರಡೂ ಒಂದೇ ಡಬ್ಬದಲ್ಲಿ ಸೇರುವುದರ ಬಗ್ಗೆ.

"ಕೆಲಸಾನೂ ಚೆನ್ನಾಗಿ ಆಗುತ್ತೆ" ಅಂದೆಯಲ್ಲ, ಆ ಮಾತಿಗೆ ನಾನು ಇದುವರೆಗೆ ಯಾರಿಗೂ ಹೇಳದ ಒಂದು ವಿಷಯ ಹೇಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಆಫೀಸಿನವರೆಲ್ಲ ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗಿದ್ದೆವು. ಊಟ ಆದ ಮೇಲೆ ನಾನು ಎರಡು ಐರಿಷ್ ಕಾಫಿ ಕುಡಿದೆ. ವಾಪಸ್ ಬಂದು ಕೂತಾಗ ತಲೆ ಎಷ್ಟು ಚುರುಕಾಗಿತ್ತು ಅಂತೀಯ! ಎಲ್ಲವೂ ಸ್ಪಷ್ಟವಾಗಿ ಕಾಣಿಸುತ್ತಿದೆ ಅನ್ನಿಸಿತು. ಆಗ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ತನಗೆ ಒಂದು ವಿಷಯ ಅರ್ಥವಾಗಿಲ್ಲ, ಇನ್ನೊಮ್ಮೆ ಹೇಳಿಕೊಡುತ್ತೀರಾ ಎಂದು ಮೇಲ್ ಮಾಡಿದ್ದಳು. ನಾನು ಉದ್ದಕ್ಕೆ ಉತ್ತರ ಬರೆದೆ. ನೇರವಾಗಿ, ದಿಟ್ಟವಾಗಿ ಬರೆಯುತ್ತಿದ್ದೇನೆ ಎಂದುಕೊಂಡು ಬರೆದೆ. ಮರುದಿನ ಬೆಳಿಗ್ಗೆ ತೆರೆದು ಓದಿದಾಗ ಹೊಟ್ಟೆ ತೊಳೆಸಿದಂತಾಯಿತು. ಅದು ಬೈಗುಳ. 'ಇಷ್ಟೂ ಬಾರದಿದ್ದರೆ ಈ ಕೆಲಸಕ್ಕೆ ಯಾಕೆ ಬಂದೆ' ಎಂಬಂಥ ಮಾತು. ಆಚೆ ಮೂರು ಜನರಿಗೆ ಅದರ ಪ್ರತಿ ಬೇರೆ ಹೋಗಿತ್ತು.

ಓಡಿ ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಅಂದಳು. ಆದರೆ ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪಕ್ಕದ ಸೀಟಿನವರನ್ನು ಕೇಳುತ್ತಿದ್ದಳು. ನಾನು ಅಲ್ಲೇ ಕೂತಿರುತ್ತಿದ್ದೆ, ನನಗೆ ಕೇಳಿಸುತ್ತಿತ್ತು. ಕೆಲಸ ಬಿಡುವ ದಿನ ಎಲ್ಲರಿಗೂ ಕೈಕುಲುಕಿದಳು, ನನಗೂ. ನಾನು ಅವತ್ತು ಕುಡಿದಿದ್ದೆ ಅನ್ನೋದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನಾನು ನಿಜವಾಗಿಯೂ ಅಂಥವನೇ ಎಂದು ನಂಬಿಕೊಂಡು ಹೋದಳು.

ಆಮೇಲೆ ನಾನು ಕೆಲಸದ ಹೊತ್ತಿನಲ್ಲಿ ಕುಡಿದಿಲ್ಲ.

ಹಾಗಂತ ಕೆಲಸದ ಜಾಗದಲ್ಲಿ ಒಂದು ಲೋಟ ಕುಡಿಯುವವರೆಲ್ಲ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಒಂದೊಂದು ಕಡೆ ಒಂದೊಂದು ರೀತಿ. ಫ್ರಾನ್ಸಿನ ಕಾರ್ಮಿಕ ಕಾನೂನಿನಲ್ಲಿ ವೈನ್, ಬಿಯರ್, ಸೇಬಿನ ಮತ್ತು ಪೇರ್ ಹಣ್ಣಿನ ಮದ್ಯ ಬಿಟ್ಟು ಬೇರೆ ಯಾವ ಮದ್ಯವೂ ಕೆಲಸದ ಜಾಗಕ್ಕೆ ಬರಬಾರದು ಎಂದಿದೆ. ಬ್ರಿಟನ್ನಿನ ನೌಕಾಪಡೆಯಲ್ಲಂತೂ ನಾವಿಕರಿಗೆ ದಿನಾ ಮಧ್ಯಾಹ್ನ ಸರ್ಕಾರದ ಖರ್ಚಿನಲ್ಲೇ ರಮ್ ಸಿಗುತ್ತಿತ್ತು. ಸೂಕ್ಷ್ಮ ಯಂತ್ರಗಳನ್ನು ನಡೆಸುವವರಿಗೆ ಇದು ಹೊಂದುವುದಿಲ್ಲ ಎಂದು ಕೊನೆಗೆ ನಿಲ್ಲಿಸಿದರು. 1970ರ ಜುಲೈ 31 ಕೊನೆಯ ದಿನ. ನಾವಿಕರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯಲ್ಲಿ 2010ರಲ್ಲಿ ನೌಕರರ ಬಿಯರನ್ನು ಊಟದ ಹೊತ್ತಿಗೆ ಮಾತ್ರ ಎಂದು ಸೀಮಿತ ಮಾಡಿದಾಗ ನೌಕರರು ಮುಷ್ಕರ ಹೂಡಿದರು. ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್ 2017ರಲ್ಲಿ ತನ್ನ ನೌಕರರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕುಡಿಯುವಂತಿಲ್ಲ ಎಂದಿತು.

ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ವಾದಿಸಬಹುದು. ನನ್ನ ಮಟ್ಟಿಗೆ ಆ ನೌಕಾಪಡೆಯವರು ಮಾಡಿದ್ದು ಸರಿ. ಆದರೆ ಒಂದು ಗಮನಿಸು. ಅಲ್ಲೆಲ್ಲ ಯಾರು, ಯಾವಾಗ, ಎಷ್ಟು ಕುಡಿದರು ಎಂದು ಪಕ್ಕದವರಿಗೆ ಗೊತ್ತಿರುತ್ತಿತ್ತು. ಜಾಸ್ತಿಯಾದರೆ 'ಸಾಕು ನಿಲ್ಲಿಸೋ' ಎನ್ನಲು ಒಬ್ಬ ಇರುತ್ತಿದ್ದ. ನಿನ್ನ ಫ್ಲಾಸ್ಕ್‌ಗೆ ಅಂಥ ಒಬ್ಬ ಇಲ್ಲ. ಎರಡು ಮುಚ್ಚಳ ಮೂರಾದರೆ ಯಾರು ಹೇಳಬೇಕು?

ಮೂರೂವರೆಯ ಆ ದಣಿವು ಸುಳ್ಳು ಅನ್ನುತ್ತಿಲ್ಲ ನಾನು. ಈ ವರ್ಷ ನಿನ್ನ ಮೇಲೆ ಬಿದ್ದ ಭಾರ ನನಗೆ ಗೊತ್ತು. ಇಬ್ಬರ ಕೆಲಸ ನೀನೊಬ್ಬನೇ ಮಾಡುತ್ತಿದ್ದೀಯ. ಅದನ್ನು ತಡೆದುಕೊಳ್ಳಲು ಕಾಫಿ, ಕಾಫಿಯ ನಡುಕ ಇಳಿಸಲು ವಿಸ್ಕಿ. ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆಯ ಕಾಫಿ ರಾತ್ರಿಯ ನಿದ್ದೆ ತಿನ್ನುತ್ತೆ. ಮದ್ಯ ಬೇಗ ನಿದ್ದೆ ಹತ್ತಿಸಿದರೂ ನಡುರಾತ್ರಿ ಎಬ್ಬಿಸುತ್ತೆ. ಮರುದಿನ ಮೂರೂವರೆಗೆ ಮತ್ತೆ ಅದೇ ಸುಸ್ತು, ಮತ್ತೆ ಅದೇ ಕಪ್. ಇದರಲ್ಲಿ ನಿನಗೆ ವಿಶ್ರಾಂತಿ ಎಲ್ಲಿ ಸಿಕ್ಕಿತು ಹೇಳು?

ಇನ್ನೊಂದು ವಿಷಯ. ಇದನ್ನು ತಪ್ಪದೆ ಓದು. ಆ ಕಪ್ ಇಲ್ಲದ ದಿನ ಕೈ ನಡುಗುತ್ತಿದ್ದರೆ, ಬೆವರುತ್ತಿದ್ದರೆ, ಅಥವಾ ಬೆಳಿಗ್ಗೆಯೇ ಬೇಕು ಅನ್ನಿಸುತ್ತಿದ್ದರೆ, ಹಟ ಮಾಡಿ ಒಬ್ಬನೇ ಒಮ್ಮೆಗೇ ನಿಲ್ಲಿಸಬೇಡ. ದಿನಾ ಜಾಸ್ತಿ ಕುಡಿದ ದೇಹಕ್ಕೆ ಹಾಗೆ ದಿಢೀರನೆ ನಿಲ್ಲಿಸುವುದು ಅಪಾಯ. ಡಾಕ್ಟರ ಹತ್ತಿರ ಹೋಗೋಣ. ನಾನೂ ಬರುತ್ತೇನೆ, ಹೊರಗೆ ಕೂತಿರುತ್ತೇನೆ.

ಈ ಪತ್ರವನ್ನು ಹೆಸರಿಲ್ಲದೆ ಎಲ್ಲರೊಡನೆ ಹಂಚಿಕೊಳ್ಳಲಾ ಎಂದು ನಿನ್ನೆ ಕೇಳಿದಾಗ ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಕು" ಅಂದೆ. ಆ ಒಂದು ಪದಕ್ಕೆ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಇನ್ನು ಇದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ನನಗೆ ಗೊತ್ತು.

ನಾಳೆಯಿಂದ ಮಧ್ಯಾಹ್ನ ಮೂರೂವರೆಗೆ ನಾನು ಫೋನ್ ಮಾಡುತ್ತೇನೆ. ಎದ್ದು ಹೊರಗೆ ಬಾ. ಹತ್ತು ನಿಮಿಷ ನಡೆಯುತ್ತಾ ಮಾತಾಡೋಣ. ಮಾತಾಡಲು ಏನೂ ಇಲ್ಲದಿದ್ದರೆ ಸುಮ್ನೆ ನಡೆಯೋಣ. ಮೀಟಿಂಗ್ ಇದ್ದರೆ ಕಟ್ ಮಾಡು, ಮತ್ತೆ ಮಾಡುತ್ತೇನೆ.

ನಿನ್ನ
ಗೆಳೆಯ