ಸಿಲಬಸ್ ಸಭೆಯಲ್ಲಿ ವಿದ್ಯಾರ್ಥಿಗಳಿಗೂ ಕುರ್ಚಿ ಹಾಕಿ

ಸಂಪಾದಕರೇ,

ಪದವಿ ಕೋರ್ಸುಗಳನ್ನು ಬದಲಾಯಿಸುವ ಮಾತು ಬಂದಾಗಲೆಲ್ಲ ಪ್ರಾಧ್ಯಾಪಕರು ಮಾತಾಡುತ್ತಾರೆ, ಕಂಪನಿಯವರು ಮಾತಾಡುತ್ತಾರೆ, ಅಧಿಕಾರಿಗಳು ಮಾತಾಡುತ್ತಾರೆ. ಆ ಕೋರ್ಸನ್ನು ಈಗ ಓದುತ್ತಿರುವವರನ್ನು ಕೇಳುವುದು ಅಪರೂಪ. ಕೇಳಿದರೂ ಸೆಮಿಸ್ಟರ್ ಕೊನೆಗೆ ಒಂದು ಫೀಡ್‌ಬ್ಯಾಕ್ ಫಾರ್ಮ್, ಅಷ್ಟೇ. ಅಷ್ಟೊತ್ತಿಗೆ ಪಾಠ ಮುಗಿದಿರುತ್ತದೆ. ಬರೆದದ್ದು ಎಲ್ಲಿಗೆ ಹೋಯಿತು, ಅದರಿಂದ ಏನಾದರೂ ಬದಲಾಯಿತಾ ಅಂತ ತಿರುಗಿ ಹೇಳುವವರೂ ಇಲ್ಲ. ಹೀಗಿರುವಾಗ ಎಲ್ಲ ಪ್ರಶ್ನೆಗೂ ಸುಮ್ನೆ ಒಂದೇ ಅಂಕ ಒತ್ತಿ ಕಳಿಸುವ ಹುಡುಗರನ್ನು ಬೈಯುವುದು ಅನ್ಯಾಯ.

ಮೇಷ್ಟ್ರಿಗೆ ತಮ್ಮ ಪೇಪರ್ ಚೆನ್ನಾಗಿ ಗೊತ್ತು. ಪಕ್ಕದ ಪೇಪರಿನಲ್ಲಿ ಏನು ನಡೀತಿದೆ ಅನ್ನೋದು ಅಷ್ಟಾಗಿ ಗೊತ್ತಿರುವುದಿಲ್ಲ. ಮೊದಲ ಸೆಮಿಸ್ಟರಿನಿಂದ ಕೊನೆಯವರೆಗೆ ಎಲ್ಲವನ್ನೂ ಒಂದಾದ ಮೇಲೆ ಒಂದರಂತೆ ಓದಿಕೊಂಡು ಬರುವುದು ವಿದ್ಯಾರ್ಥಿ ಮಾತ್ರ, ಅಲ್ವಾ? ಎರಡನೇ ಸೆಮಿಸ್ಟರಿಗೆ ಬೇಕಾದ ಸಂಖ್ಯಾಶಾಸ್ತ್ರವನ್ನು ನಾಲ್ಕನೆಯದರಲ್ಲಿ ಇಟ್ಟಿದ್ದರೆ, ಒಂದೇ ಅಧ್ಯಾಯ ಎರಡು ಪೇಪರಿನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಂದಿದ್ದರೆ, ಒಂದೇ ವಾರದಲ್ಲಿ ಮೂರ್ನಾಲ್ಕು ಅಸೈನ್‌ಮೆಂಟ್ ಬಂದು ಬಿದ್ದು ಯಾವುದನ್ನೂ ಯೋಚಿಸಿ ಬರೆಯಲಾಗದೆ ಎಲ್ಲರೂ ನಕಲು ಹೊಡೆಯುವ ಹಾಗಾಗಿದ್ದರೆ, ಅದು ಮೊದಲು ತಿಳಿಯುವುದು ಅವರಿಗೇ.

"ಇವರನ್ನು ಕೇಳಿದರೆ ಸಿಲಬಸ್ ಕಡಿಮೆ ಮಾಡಿ ಅಂತಾರೆ" ಎನ್ನುವವರಿದ್ದಾರೆ. ಕೆಲವರು ಅನ್ನಬಹುದು, ಅನ್ನಲಿ. ಯಾವ ಸಿದ್ಧಾಂತ ಕಲಿಸಬೇಕು ಅಂತ ವಿದ್ಯಾರ್ಥಿಗಳೇ ತೀರ್ಮಾನಿಸಲಿ ಎಂದು ನಾನು ಹೇಳುತ್ತಿಲ್ಲ. ಕಲಿಸಿದ್ದು ತಲುಪಿತಾ, ಎಲ್ಲಿ ಸಿಕ್ಕಿಕೊಂಡಿತು ಅನ್ನೋದನ್ನು ಅವರಿಗಿಂತ ಚೆನ್ನಾಗಿ ಬೇರೆ ಯಾರು ಹೇಳಬಲ್ಲರು?

ಇದೇನೂ ಯಾರೂ ಮಾಡದ ಕೆಲಸವಲ್ಲ. ಯುರೋಪಿನ ಉನ್ನತ ಶಿಕ್ಷಣದ ಗುಣಮಟ್ಟಕ್ಕೆ ಒಂದು ಮಾನದಂಡವಿದೆ, 2015ರಲ್ಲಿ ಪರಿಷ್ಕರಿಸಿದ್ದು. ಅದರ ಪ್ರಕಾರ ಹೊರಗಿನಿಂದ ಬಂದು ಪರಿಶೀಲಿಸುವ ತಂಡದಲ್ಲಿ ವಿದ್ಯಾರ್ಥಿ ಇರಲೇಬೇಕು. ಸ್ಕಾಟ್ಲೆಂಡಿನಲ್ಲಿ 2003ರಲ್ಲಿ ಶುರುವಾದ 'ಸ್ಪಾರ್ಕ್ಸ್' ಎಂಬ ಸಂಸ್ಥೆ ತರಗತಿ ಪ್ರತಿನಿಧಿಗಳಿಗೆ ಇದಕ್ಕಾಗಿಯೇ ತರಬೇತಿ ಕೊಟ್ಟಿದೆ. ತರಬೇತಿ ಅನ್ನೋದು ಮುಖ್ಯ. ಏನೂ ಹೇಳಿಕೊಡದೆ ಹಿರಿಯರೇ ತುಂಬಿರುವ ಸಭೆಯಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿದರೆ ಅವಳು ತಲೆಯಾಡಿಸಿ ಎದ್ದು ಬರುತ್ತಾಳೆ. ಅದು ಅವಳ ತಪ್ಪಲ್ಲ.

ಆದ್ದರಿಂದ ಸಿಲಬಸ್ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಕನಿಷ್ಠ ಇಬ್ಬರು ವಿದ್ಯಾರ್ಥಿಗಳಿರಲಿ, ಮತದ ಹಕ್ಕಿನ ಸಮೇತ. ಸಭೆಯ ಕಾಗದಪತ್ರ ಮುಂಚೆಯೇ ಅವರ ಕೈ ಸೇರಲಿ. ದಯವಿಟ್ಟು ಬರೀ ರ್‍ಯಾಂಕ್ ಬಂದವರನ್ನೇ ಆರಿಸಬೇಡಿ. ಒಂದು ಪೇಪರಿನಲ್ಲಿ ಫೇಲಾಗಿ ಮತ್ತೆ ಬರೆದವರು, ಕೆಲಸ ಮಾಡುತ್ತಾ ಓದುವವರು, ಪದವಿ ಮುಗಿಸಿ ಹೊರಗೆ ಹೋದ ಮೇಲೆ ಯಾವ ಪಾಠ ಬಳಕೆಗೆ ಬಂತು ಅಂತ ಕಂಡುಕೊಂಡವರು, ಇವರ ಹತ್ತಿರ ಹೇಳಲು ಜಾಸ್ತಿ ಇರುತ್ತದೆ. ಮತ್ತೆ, ವಿದ್ಯಾರ್ಥಿಗಳು ಏನು ಕೇಳಿದರು, ಅದರಲ್ಲಿ ಯಾವುದನ್ನು ಒಪ್ಪಿದೆವು, ಯಾವುದನ್ನು ಯಾಕೆ ಒಪ್ಪಲಿಲ್ಲ ಅನ್ನೋದನ್ನು ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಲಿ.

ಇಂತಿ,
ನಿಮ್ಮ ಓದುಗ