ಉಕ್ಕಿನ ಚರೆ ಒಳ್ಳೇದೇ, ಆದರೆ ಅಜ್ಜನ ಬಂದೂಕು ತಡೀಬೇಕಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಸೀಸದ ಚರೆಯಿಂದ, ಅಂದರೆ ಬಂದೂಕಿನ ತೋಟಾದೊಳಗಿನ ಸಣ್ಣ ಕಾಳುಗಳಿಂದ, ನೀರುಹಕ್ಕಿಗಳು ಹೇಗೆ ಸಾಯುತ್ತವೆ ಅಂತ ಒಂದು ಬರಹ ಬಂದಿತ್ತು. ಚೆನ್ನಾಗಿತ್ತು. ಕೊನೆಗೆ ಮಾತ್ರ, ಬಂದೂಕು ಇರುವವರು ಇನ್ನು ಮೇಲೆ ಉಕ್ಕಿನ ಚರೆ ಬಳಸಲಿ ಅಂತ ಒಂದು ಸಾಲು ಬರೆದು ಮುಗಿಸಿಬಿಟ್ಟಿದ್ದೀರಿ. ಯಾವ ಬಂದೂಕಿಗೆ ಹಾಕಬಹುದು, ಯಾವುದಕ್ಕೆ ಹಾಕಲೇಬಾರದು ಅನ್ನೋದರ ಬಗ್ಗೆ ಒಂದು ಮಾತೂ ಇಲ್ಲ. ಆ ಒಂದು ಸಾಲು ನಮ್ಮ ಕಡೆ ಎಂಥ ಕೆಲಸ ಮಾಡಬಹುದು ಅಂತ ಗೊತ್ತಿರುವುದರಿಂದ ಈ ಪತ್ರ.

ನಾನು ಸಿರುಗುಪ್ಪ ತಾಲ್ಲೂಕಿನ ಭತ್ತದ ರೈತ. ಮನೆಯಲ್ಲಿ ಒಂದು 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲದ ಅಳತೆ) ಜೋಡಿ ನಳಿಗೆ ಬಂದೂಕು ಇದೆ. ತುಂಗಭದ್ರಾ ಡ್ಯಾಮಿನ ನೀರು ನಮ್ಮ ಹೊಲಕ್ಕೆ ಬಂದ ಹೊಸತರಲ್ಲಿ ಅಜ್ಜ ತಗೊಂಡದ್ದು, ಇಂಗ್ಲೆಂಡಿನ ಮಾಲು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಲೈಸೆನ್ಸ್ ಬದಲಾಗುತ್ತಾ ಬಂದಿದೆ. ಹಂದಿ ಗದ್ದೆಗೆ ನುಗ್ಗಿದಾಗ ಹೆದರಿಸೋಕೆ ವರ್ಷಕ್ಕೆ ನಾಲ್ಕೈದು ಈಡು, ಅಷ್ಟೇ ಅದರ ಕೆಲಸ. ಹಕ್ಕಿ ಹೊಡೆಯೋದು ನಮ್ಮ ಮನೆಯಲ್ಲಿ ಯಾವತ್ತೋ ನಿಂತಿದೆ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಅದು ಅಪರಾಧ ಕೂಡ.

ನಿಮ್ಮ ಬರಹ ಓದಿದ ಅಕ್ಕನ ಮಗ ಫೋನ್ ಮಾಡಿ, 'ಮಾವ, ನೀವಿನ್ನೂ ಸೀಸ ಹಾಕ್ತೀರಾ?' ಅಂತ ಕೇಳಿದ. ಅವನು ಕೇಳಿದ್ದು ತಪ್ಪಲ್ಲ. ಕೆಸರಿಗೆ ಬಿದ್ದ ಚರೆಯನ್ನು ಬಾತುಗಳು ಸಣ್ಣ ಹರಳು ಅಂದುಕೊಂಡು ನುಂಗುತ್ತವೆ, ಕಾಳು ಅರೆಯುವ ಆ ಗಟ್ಟಿ ಹೊಟ್ಟೆಯಲ್ಲಿ ಸೀಸವೂ ಅರೆದು ರಕ್ತಕ್ಕೆ ಸೇರುತ್ತದೆ. ಅಮೆರಿಕದಲ್ಲಿ 1991ರಲ್ಲೇ ನೀರುಹಕ್ಕಿ ಬೇಟೆಗೆ ಸೀಸ ನಿಲ್ಲಿಸಿದರು. ಡೆನ್ಮಾರ್ಕಿನವರು 1996ರಲ್ಲಿ ಎಲ್ಲಾ ಬೇಟೆಗೂ ನಿಲ್ಲಿಸಿದರು. ಯುರೋಪಿನ ಒಕ್ಕೂಟದ ದೇಶಗಳಲ್ಲಿ 2023ರ ಫೆಬ್ರುವರಿಯಿಂದ ಜೌಗು ಜಾಗಗಳಲ್ಲಿ ಸೀಸದ ಚರೆ ಹಾರಿಸೋ ಹಾಗಿಲ್ಲ. ನಮ್ಮ ಪಕ್ಕದ ಅಂಕಸಮುದ್ರ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ (ಜಗತ್ತಿನ ಮುಖ್ಯ ಜೌಗು ಜಾಗಗಳ ಪಟ್ಟಿಯಲ್ಲಿ ಸ್ಥಾನ) ಸಿಕ್ಕಿದೆ, ಅಂಥ ಕೆರೆ ಇರುವ ಸೀಮೆಯವರು ಇದನ್ನು ಯೋಚಿಸಲೇಬೇಕು. ಇಷ್ಟರ ಬಗ್ಗೆ ನನ್ನ ತಕರಾರು ಇಲ್ಲ.

ತಕರಾರು ಇರೋದು ಬಂದೂಕಿನ ಬಗ್ಗೆ.

ಸೀಸ ಮೆತ್ತಗಿನ ಲೋಹ. ನಳಿಗೆಯ ಮೂತಿಯ ಹತ್ತಿರ ಸ್ವಲ್ಪ ಇರುಕು ಮಾಡಿರುತ್ತಾರೆ, ಅದಕ್ಕೆ ಚೋಕ್ ಅಂತಾರೆ. ಸೀಸದ ಕಾಳುಗಳು ಅಲ್ಲಿ ಒಂದಕ್ಕೊಂದು ಒತ್ತಿ, ಚಪ್ಪಟೆಯಾಗಿ, ನುಸುಳಿಕೊಂಡು ಹೋಗುತ್ತವೆ. ಉಕ್ಕು ಹಾಗೆ ಬಗ್ಗೋದಿಲ್ಲ. ಇರುಕು ಜಾಸ್ತಿ ಇದ್ದರೆ ಇಡೀ ಚರೆಯ ಗುಂಪು ಒಂದು ಗಟ್ಟಿ ಮುದ್ದೆಯ ಹಾಗೆ ಬಂದು ಗುದ್ದುತ್ತದೆ, ಆಗ ಮೂತಿಯ ಹತ್ತಿರ ನಳಿಗೆ ಬಳೆಯ ಹಾಗೆ ಉಬ್ಬುತ್ತದೆ. ಜೋಡಿ ನಳಿಗೆ ಆದರೆ ಮಧ್ಯದ ಬೆಸುಗೆಯೂ ಬಿಡಬಹುದು. ಉಕ್ಕು ಹಗುರ ಬೇರೆ. ಸೀಸದ ಸಾಂದ್ರತೆ 11.3, ಉಕ್ಕಿನದು 7.8 ಅಷ್ಟೇ, ಅದಕ್ಕೆ ಅದೇ ಪೆಟ್ಟು ಬೇಕು ಅಂದರೆ ಎರಡು ನಂಬರ್ ದಪ್ಪ ಚರೆ ಬೇಕು, ಸ್ವಲ್ಪ ಜೋರಾಗಿಯೂ ಓಡಿಸಬೇಕು. ನಂಬರ್ ಇಳಿದಷ್ಟೂ ಚರೆ ದಪ್ಪ, ಸೀಸದಲ್ಲಿ 6ನೇ ನಂಬರ್ ಹಾಕುವ ಕಡೆ ಉಕ್ಕಿನಲ್ಲಿ 4. ಇದರ ಭಾರ ಎಲ್ಲಾ ಹಳೇ ನಳಿಗೆ ಹೊರಬೇಕು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿ ಕಾಣುವ ಜಿಲ್ಲೆಯಲ್ಲಿ ಉಕ್ಕಿಗೇನು ಬರ ಅಂತ ನಗಬೇಡಿ. ನನಗೆ ಭಯ ಇರೋದೇ ಅಲ್ಲಿ. ನಾಲ್ಕೈದು ವರ್ಷದ ಹಿಂದೆ ನಮ್ಮ ಬೀಗರ ಪೈಕಿ ಒಬ್ಬರು, ಹೆಸರು ಬೇಡ, ತೋಟಾದೊಳಗಿನ ಸೀಸ ಸುರಿದು ಸೈಕಲ್ ಬೇರಿಂಗಿನ ಗುಂಡು ತುಂಬಿದರು. ಉಕ್ಕೇ ಅಲ್ವಾ ಅಂತ ಅವರ ಲೆಕ್ಕ. ಅಲ್ಲ. ಕಂಪನಿ ತೋಟಾದಲ್ಲಿ ಬರುವ ಉಕ್ಕಿನ ಚರೆ ನಿಜವಾಗಿ ಮೆತ್ತನೆ ಕಬ್ಬಿಣ. ಯುರೋಪಿನ ನಿಯಮದಲ್ಲಿ ಅದರ ಗಡಸುತನ ವಿಕರ್ಸ್ ಅಳತೆಯಲ್ಲಿ 110 ದಾಟಬಾರದು. ಬೇರಿಂಗ್ ಗುಂಡು 700ರ ಮೇಲೆ ಇರುತ್ತದೆ. ಜತೆಗೆ ಕಂಪನಿ ತೋಟಾದಲ್ಲಿ ಚರೆ ಸುತ್ತ ದಪ್ಪ ಬಟ್ಟಲು ಇರುತ್ತದೆ, ಚರೆ ನಳಿಗೆಯ ಗೋಡೆಗೆ ತಾಗದೇ ಇರಲಿ ಅಂತಲೇ ಅದನ್ನು ಮಾಡಿರೋದು. ಬೀಗರ ಬಂದೂಕು ಸಿಡಿಯಲಿಲ್ಲ, ಪುಣ್ಯ. ಆದರೆ ಬಳ್ಳಾರಿಯಲ್ಲಿ ಲೈಸೆನ್ಸ್ ಇರುವ ರಿಪೇರಿಯವರು ನಳಿಗೆಯನ್ನು ಕಿಟಕಿ ಬೆಳಕಿಗೆ ಹಿಡಿದು, ಒಳಗೆ ನೋಡ್ರಿ ಅಂದರು. ಮೂತಿಯಿಂದ ಒಂದು ಗೇಣು ಹಿಂದೆ ಕಪ್ಪನೆ ಉಂಗುರದ ನೆರಳು. ಹೊರಗಿನಿಂದ ಬೆರಳಾಡಿಸಿದರೆ ಉಬ್ಬು ಸಿಗುತ್ತಿತ್ತು. ಉದ್ದಕ್ಕೂ ಗೀರು. ಆ ಬಂದೂಕು ಈಗ ಯಾವುದಕ್ಕೂ ಬರೋದಿಲ್ಲ.

ಹಾಗಾದರೆ ನೋಡೋದು ಹೇಗೆ? ನಾನೂ ಅವತ್ತೇ ಕಲಿತದ್ದು. ಬಂದೂಕನ್ನು ಕೀಲಿನ ಹತ್ತಿರ ಮಡಚಿ ತೆರೆದು ಎರಡೂ ಕಡೆ ಖಾಲಿ ಇದೆಯಾ ಅಂತ ಮೊದಲು ನೋಡಬೇಕು, ತೋಟಾ ಬೇರೆ ಕೋಣೆಯಲ್ಲಿರಲಿ. ಆಮೇಲೆ ಮುಂದಿನ ಕಟ್ಟಿಗೆ ತೆಗೆದು ನಳಿಗೆ ಬೇರೆ ಮಾಡಿದರೆ, ತೋಟಾ ಕೂರುವ ಭಾಗದ ಕೆಳಗಡೆ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಐವತ್ತು ವರ್ಷ ನಾನು ಅವನ್ನು ಚಿತ್ತಾರ ಅಂದುಕೊಂಡಿದ್ದೆ! ಅದು ಬಂದೂಕಿನ ಜಾತಕ. ಇಂಗ್ಲೆಂಡಿನ ಮಾಲಿನ ಮೇಲೆ ಕಿರೀಟ, ಅದರ ಕೆಳಗೆ ಎನ್‌ಪಿ ಅಂತ ಇದ್ದರೆ ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ಅದು ಇಲ್ಲದೆ ಬರೀ ಕಪ್ಪು ಮದ್ದಿನ ಕಾಲದ ಮುದ್ರೆ ಇದ್ದರೆ ಉಕ್ಕಿನ ಮಾತೇ ಬೇಡ. 1954ರ ನಂತರದ ಮಾಲಿನಲ್ಲಿ ಎಷ್ಟು ಟನ್ ಒತ್ತಡ ಅಂತಲೂ ಕೊರೆದಿರುತ್ತಾರೆ, ಈಚಿನದರಲ್ಲಿ ಬಾರ್ ಅನ್ನೋ ಒತ್ತಡದ ಅಳತೆಯ ಲೆಕ್ಕ. ಮೂರು ದಳದ ಲಿಲ್ಲಿ ಹೂವಿನ ಮುದ್ರೆ ಇದ್ದರೆ ಅದು ಉಕ್ಕಿನ ಜೋರು ತೋಟಾಗಳಿಗೇ ಪರೀಕ್ಷೆ ಮಾಡಿದ ನಳಿಗೆ. ನಮ್ಮ ಕಡೆಯ ಹಳೇ ಬಂದೂಕುಗಳಲ್ಲಿ ಆ ಹೂವನ್ನು ನಾನಂತೂ ಒಂದರಲ್ಲೂ ನೋಡಿಲ್ಲ. ಹೂವಿಲ್ಲದಿದ್ದರೆ ಸಾದಾ ಉಕ್ಕಿನ ತೋಟಾ ಮಾತ್ರ, ಅದೂ ಉಳಿದದ್ದೆಲ್ಲ ಸರಿ ಇದ್ದರೆ. 12 ಬೋರಿನ ಸಾದಾ ತೋಟಾದಲ್ಲಿ ಚರೆಯ ದಪ್ಪ 3.25 ಮಿಲಿಮೀಟರ್ ದಾಟಬಾರದು.

ಇನ್ನೊಂದು, ಎಲ್ಲರೂ ಮೋಸ ಹೋಗೋದು ಇಲ್ಲಿ: ತೋಟಾದ ಉದ್ದ. ಹಳೇ ಬಂದೂಕುಗಳ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಎಷ್ಟೋ ಸಲ 65 ಮಿಲಿಮೀಟರ್, ಅಂದರೆ ಎರಡೂವರೆ ಇಂಚು. ಈಗಿನ ತೋಟಾಗಳಲ್ಲಿ ಹೆಚ್ಚಿನವು 70. ಡಬ್ಬದ ಮೇಲೆ ಬರೆಯೋ ಆ 70, ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹಾರಿಸುವ ಮುಂಚೆ ಬಾಯಿ ಮಡಚಿರುವುದರಿಂದ ಅದು 65ರೊಳಗೆ ಸಲೀಸಾಗಿ ಕೂರುತ್ತದೆ, ಬಂದೂಕೂ ಮುಚ್ಚಿಕೊಳ್ಳುತ್ತದೆ. ಕುದುರೆ ಎಳೆದಾಗ ಆ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಇರೋದಿಲ್ಲ, ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಒಳಗೆ ಹೋಯಿತು ಅಂದ ಮಾತ್ರಕ್ಕೆ ಹೊಂದಿತು ಅಂತಲ್ಲ.

ಚೋಕ್ ನೋಡೋಕೆ ಕೆಲವರು ಮೂತಿಗೆ ನಾಣ್ಯ ಹಾಕಿ ನೋಡ್ತಾರೆ. ನಾನೂ ನೋಡಿದೆ, ಸುಳ್ಳೇಕೆ. ಸ್ಟೀಲಿನ ಸಣ್ಣ ಹತ್ತು ಪೈಸೆ 16 ಮಿಲಿಮೀಟರ್, ಅದು ಎಂಥ ಚೋಕಿನಲ್ಲೂ ಬೀಳುತ್ತದೆ. ನಾಲ್ಕಾಣೆ 19, ಚೋಕೇ ಇಲ್ಲದ 12 ಬೋರಿನ ಒಳಗೂ ಇಳಿಯದು, ಯಾಕಂದ್ರೆ ನಳಿಗೆಯ ಒಳಗಿನ ಅಗಲವೇ 18.5ರ ಆಸುಪಾಸು. ಫುಲ್ ಚೋಕ್ ಅಂದರೆ ಒಟ್ಟು ಇರುಕು ಒಂದು ಮಿಲಿಮೀಟರ್, ಹಾಫ್ ಅಂದರೆ ಅದರ ಅರ್ಧ. ಇದು ನಾಣ್ಯಕ್ಕೆ ಸಿಗುವ ಲೆಕ್ಕವಲ್ಲ, ಒಳ ಅಳತೆಯ ಗೇಜ್ ಬೇಕು. ಉಕ್ಕಿಗೆ ಹಾಫ್ ಚೋಕಿಗಿಂತ ಬಿಗಿ ಬೇಡ ಅನ್ನೋದು ತಿಳಿದವರ ಮಾತು, ಹಾಫೇ ಅದಕ್ಕೆ ಫುಲ್ ಇದ್ದ ಹಾಗೆ ಕೆಲಸ ಮಾಡುತ್ತದೆ. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಅಲೆ ಅಲೆ ಗುರುತು ಇದ್ದರೆ ಅದು ಡಮಾಸ್ಕಸ್, ಪಟ್ಟಿ ಸುತ್ತಿ ಬೆಸೆದದ್ದು, ಗೋಡೆಗೆ ತೂಗುಹಾಕಿ. ಮೂತಿಯಿಂದ ಮದ್ದು ಜಡಿಯುವ ನಾಡ ಬಂದೂಕಿಗೂ ಉಕ್ಕು ಬೇಡ. ತುಕ್ಕು ತಿಂದ ಗುಳಿ, ತಗ್ಗು ಇದ್ದರೆ ಸೀಸಕ್ಕೂ ಅದು ಸರಿಯಿಲ್ಲ.

ಮತ್ತೆ ನಮ್ಮ ಬಂಡೆಗಳು. ಸೀಸ ಕಲ್ಲಿಗೆ ಬಡಿದರೆ ಬಹುಮಟ್ಟಿಗೆ ಚಪ್ಪಟೆಯಾಗುತ್ತದೆ, ಉಕ್ಕು ಚಿಮ್ಮಿ ವಾಪಸ್ ಬರುತ್ತದೆ. ಕಂಪ್ಲಿ, ಆನೆಗೊಂದಿ, ಕೊಪ್ಪಳದ ಕಡೆ ಯಾವ ದಿಕ್ಕಿಗೆ ತಿರುಗಿದರೂ ಕಲ್ಲೇ. ಬೇರೆ ದೇಶದವರ ವಿಡಿಯೋ ನೋಡಿ ಕಲಿಯುವ ಹುಡುಗರಿಗೆ ಇದನ್ನು ಯಾರೂ ಹೇಳೋದಿಲ್ಲ.

ಊರಿನ ಕಮ್ಮಾರರ ಹತ್ತಿರ ಒಯ್ದು ಚೋಕ್ ಕೊರೆಸೋಣ ಅನ್ನುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಿಪೇರಿ ಮಾಡೋಕೂ ಪರೀಕ್ಷೆ ಮಾಡೋಕೂ ಲೈಸೆನ್ಸ್ ಬೇಕು. ಕಮ್ಮಾರರೂ ಸಿಕ್ಕಿಬೀಳುತ್ತಾರೆ, ನೀವೂ.

ಈಗ ನನ್ನ ಬೇಡಿಕೆ. ಪ್ರತಿ ಚುನಾವಣೆಗೂ ನಮ್ಮ ಬಂದೂಕು ಠಾಣೆಗೆ ಒಪ್ಪಿಸುತ್ತೇವೆ. ಅಲ್ಲಿ ವಾರಗಟ್ಟಲೆ ಸುಮ್ನೆ ಮೂಲೆಯಲ್ಲಿ ನಿಂತಿರುತ್ತದೆ. ಆ ಹೊತ್ತಿನಲ್ಲಿ ಜಿಲ್ಲಾ ಪೊಲೀಸಿನಲ್ಲಿ ಬಂದೂಕು ನೋಡಿಕೊಳ್ಳುವ ಆರ್ಮರರ್ ಒಬ್ಬರು ಗೇಜ್ ಹಾಕಿ ಚೇಂಬರ್ ಉದ್ದ, ಚೋಕ್ ಎರಡನ್ನೂ ಅಳೆದು ಚೀಟಿ ಕೊಟ್ಟರೆ ಎಷ್ಟು ಹೊತ್ತು ಹಿಡಿದೀತು? ನನ್ನ ಲೈಸೆನ್ಸ್ ಪುಸ್ತಕದಲ್ಲಿ ಬೋರ್ ಇದೆ, ನಂಬರ್ ಇದೆ, ಚೇಂಬರ್ ಎಷ್ಟು ಅಂತ ಇಲ್ಲ. ತೋಟಾ ಮಾರುವ ಅಂಗಡಿಯವರೂ 12 ಬೋರ್ ಅಂದ ತಕ್ಷಣ ಡಬ್ಬ ಮುಂದಿಡುತ್ತಾರೆ, ಎಷ್ಟು ಉದ್ದ ಅಂತ ಕೇಳೋದಿಲ್ಲ. ಇದನ್ನು ನೀವು ಬರೆದರೆ ಅಧಿಕಾರಿಗಳ ಕಣ್ಣಿಗೆ ಬಿದ್ದೀತು.

ನನ್ನದು ಏನಾಯಿತು ಅಂತ ಕೇಳಿದರೆ: ಚೇಂಬರ್ ಎರಡೂವರೆ ಇಂಚು, ಒತ್ತಡದ ಮುದ್ರೆ 3 ಟನ್, ಚೋಕ್ ಬಲ ನಳಿಗೆ ಹಾಫ್, ಎಡ ಫುಲ್. ಉಕ್ಕು ಬೇಡವೇ ಬೇಡ ಅಂದರು ರಿಪೇರಿಯವರು. ಬಿಸ್ಮತ್ ಅಂತ ಇನ್ನೊಂದು ಲೋಹದ ಚರೆ ಇದೆಯಂತೆ, ಮೆತ್ತಗಿರುತ್ತದೆ, ಹಳೇ ನಳಿಗೆಗೂ ಆಗುತ್ತದೆ, ರೇಟು ಮಾತ್ರ ನಮ್ಮಂಥವರಿಗಲ್ಲ. ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದೆ. ಕಾಲುವೆ ಪಕ್ಕದ ಗದ್ದೆಗೆ ಈಗ ಬಂದೂಕು ಒಯ್ಯೋದನ್ನೇ ಬಿಟ್ಟಿದ್ದೇನೆ, ಹಂದಿ ಬಂದರೆ ಎಣ್ಣೆ ಡಬ್ಬ ಬಡಿಯೋದು. ರಾತ್ರಿ ಎರಡು ಗಂಟೆಗೆ ಡಬ್ಬ ಬಡಿದರೆ ಪಕ್ಕದ ಗದ್ದೆಯವರು ಬೈತಾರೆ, ಅದು ಬೇರೆ ಮಾತು.

ಇಂತಿ,
ಒಬ್ಬ ಓದುಗ, ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ